ಕಾರು ತೊಳೆಯುವುದೂ ಒಂದು ಕಸುಬು

ಅಡುಗೆ, ಆರೋಗ್ಯ, ಮಕ್ಕಳ ಓದು ಇವುಗಳ ಬಗ್ಗೆ ಓದುತ್ತಾ ಬಂದಿರುವ ನಿಮಗೆ ಇದೇನು, ಕಾರಿನ ಬಣ್ಣದ ಮೇಲೆ ಲೇಖನ ಎಂದು ಅನಿಸಬಹುದು. ದಯವಿಟ್ಟು ಪುಟ ಮಗುಚಬೇಡಿ. ಇಂದು ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಒಂದು ಕಾರು ನಿಂತಿದೆ. ಹೊಸದೋ, ಯಾರದೋ ಕೈಯಿಂದ ಕೊಂಡದ್ದೋ, ಗಲ್ಫಿನ ದುಡಿಮೆಯದ್ದೋ, ಚಿನ್ನ ಮಾರಿ ತಂದದ್ದೋ. ಓಡಿಸುವವರು ಯಾರೇ ಇರಲಿ, ಅದಕ್ಕೆ ಹೋಗುವ ಹಣ ಮನೆಯ ಖರ್ಚಿನಿಂದಲೇ ಹೋಗುತ್ತದೆ. ಆದ್ದರಿಂದ ಆ ಹಣ ಎಲ್ಲಿ ಹೋಗುತ್ತಿದೆ ಎಂದು ತಿಳಿಯುವ ಹಕ್ಕು ನಮಗಿದೆ.

'ಸೆರಾಮಿಕ್ ಕೋಟಿಂಗ್' ಎಂಬ ಮಾತನ್ನು ನೀವು ಕೇಳಿರುತ್ತೀರಿ. ಹೊಸ ಕಾರು ಕೊಳ್ಳುವಾಗ ಷೋರೂಮಿನವರು ಕೇಳುತ್ತಾರೆ, "ಮೇಡಂ, ಕೋಟಿಂಗ್ ಮಾಡಿಸುವುದಿಲ್ಲವೇ?" ಹಿಂದೆ ಇದೇ ಜಾಗದಲ್ಲಿ ಟೆಫ್ಲಾನ್ ಕೋಟಿಂಗ್ ಎಂಬುದಿತ್ತು. ಈಗ ಸೆರಾಮಿಕ್ ಬಂದಿದೆ, ಅದರ ಹಿಂದೆಯೇ ಗ್ರಾಫೀನ್ ಎಂಬ ಹೆಸರೂ ಬಂದಿದೆ. ಸೆರಾಮಿಕ್ ಎಂದರೆ ಪಿಂಗಾಣಿ ತಾನೇ? ಕಾರಿಗೆ ಪಿಂಗಾಣಿ ಹಚ್ಚುವುದೆಂದರೆ ಏನು ಎಂದು ನನಗೂ ತಿಳಿದಿರಲಿಲ್ಲ. ಬಿ.ಎ.ಯಲ್ಲಿ ಇತಿಹಾಸ ಓದಿದವಳಿಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು? ತಿಳಿಸಿದವನು ನನ್ನ ತಮ್ಮ.

ಅವನು ಇಪ್ಪತ್ತನೇ ವಯಸ್ಸಿನಲ್ಲಿ ಗಲ್ಫಿಗೆ ಹೋದವನು. ಮೊದಲು ಕಿರಾಣಿ ಅಂಗಡಿ, ಆಮೇಲೆ ಡೆಲಿವರಿ, ಕೊನೆಯ ಆರು ವರ್ಷ ಶಾರ್ಜಾದಲ್ಲಿ ಕಾರು ಪಾಲಿಶ್ ಮಾಡುವ ಒಂದು ಗ್ಯಾರೇಜು. 2023ರಲ್ಲಿ ಊರಿಗೆ ಮರಳಿದಾಗ ಅವನ ಕೈಯಲ್ಲಿ ದೊಡ್ಡ ಗಂಟೇನೂ ಇರಲಿಲ್ಲ. ಇದ್ದದ್ದು ಒಂದು ಪಾಲಿಶ್ ಯಂತ್ರ ಮತ್ತು ಅದನ್ನು ಹಿಡಿಯುವ ಕಸುಬು. ಪೇಟೆಯ ಒಂದು ಕಾರ್ ಕೇರ್ ಅಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಆದರೆ ಮೂರೇ ತಿಂಗಳಲ್ಲಿ ಬಿಟ್ಟು ಬಂದ. ನಾವೆಲ್ಲ ಬೈದೆವು. ಒಂದು ದಿನ ನನ್ನ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದ, "ಆಪಾ, ದಿನಕ್ಕೆ ಎರಡು ಕಾರು ಮುಗಿಸಬೇಕಂತೆ. ಎರಡು ಕಾರು ಹೇಗೆ ಮುಗಿಯುತ್ತದೆ? ಒರೆಸಿ, ಮೇಲೆ ಹಚ್ಚಿ ಕೊಟ್ಟುಬಿಡು ಎನ್ನುತ್ತಾರೆ. ಗಿರಾಕಿ ಬಂದರೆ ಹತ್ತು ವರ್ಷ ಏನೂ ಆಗುವುದಿಲ್ಲ, ಕೀಲಿಯಿಂದ ಗೀಚಿದರೂ ಗೀರು ಬೀಳುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸುತ್ತಾರೆ. ನನಗೆ ಆಗಲಿಲ್ಲ."

ತಾನೇ ಮನೆ ಮನೆಗೆ ಹೋಗಿ ಈ ಕೆಲಸ ಮಾಡಿಕೊಡುತ್ತೇನೆ ಎಂದು ಅವನು ಹೇಳಿದಾಗ ಅಮ್ಮಿ ಅಳುವುದೊಂದು ಬಾಕಿ. "ಇಷ್ಟು ವರ್ಷ ಗಲ್ಫಿನಲ್ಲಿದ್ದವನು ಊರಿಗೆ ಬಂದು ಕಂಡವರ ಕಾರು ತೊಳೆಯುತ್ತಾನೆ ಎಂದರೆ ಹೆಣ್ಣು ಕೊಡುವವರು ಯಾರು?" ಅಮ್ಮಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಅದೇ ಕೆಲಸವನ್ನು ಶಾರ್ಜಾದಲ್ಲಿ ಮಾಡಿದರೆ ಅದು 'ಗಲ್ಫ್ ನೌಕರಿ'. ಕಾಪುವಿನಲ್ಲಿ ಮಾಡಿದರೆ 'ಕಾರು ತೊಳೆಯುವುದು'. ನಮ್ಮ ಸಮಾಜದ ಲೆಕ್ಕಾಚಾರ ಹಾಗಿದೆ.

ಮೊದಲ ಕಾರು ನನ್ನದೇ ಆಗಲಿ ಎಂದೆ. ನನ್ನದು 2015ರ ವ್ಯಾಗನ್ ಆರ್. ಕಡು ಬೂದು ಬಣ್ಣ. ಶಾಲೆಗೆ ಹೋಗಿ ಬರಲು 2021ರಲ್ಲಿ ನನ್ನ ಸಂಬಳದ ಉಳಿತಾಯದಿಂದ ಕೊಂಡದ್ದು. ಪೇಟೆಯಲ್ಲಿ ವಿಚಾರಿಸಿದಾಗ ಒಂದು ಅಂಗಡಿಯವರು 18,000 ರೂಪಾಯಿ ಹೇಳಿದ್ದರು. ತಮ್ಮ ಮತ್ತು ನಾನು ಮನೆಯ ಶೆಡ್ಡಿನಲ್ಲೇ ಮಾಡಿದೆವು. 30 ಮಿಲಿಲೀಟರಿನ ಕೋಟಿಂಗ್ ಬಾಟಲಿಗೆ 1,800, ಕಬ್ಬಿಣದ ಪುಡಿ ತೆಗೆಯುವ ದ್ರಾವಣಕ್ಕೆ 600, ಕ್ಲೇ ಬಾರ್‌ಗೆ 400, ಪಾಲಿಶ್‌ಗೆ 500, ಮೈಕ್ರೋಫೈಬರ್ ಬಟ್ಟೆಗಳಿಗೆ 600, ಐಸೊಪ್ರೊಪೈಲ್ ಆಲ್ಕೋಹಾಲಿಗೆ 250. ಒಟ್ಟು 4,150 ರೂಪಾಯಿ. ಯಂತ್ರ ಅವನದ್ದೇ ಇತ್ತು. ಕೂಲಿಯ ಲೆಕ್ಕ ಇದರಲ್ಲಿ ಸೇರಿಲ್ಲ ಎಂಬುದನ್ನು ಮರೆಯಬೇಡಿ. ಎರಡು ದಿನ ಇಬ್ಬರು ದುಡಿದಿದ್ದೇವೆ. ಆದ್ದರಿಂದ ಅಂಗಡಿಯವರು ಹೆಚ್ಚು ಕೇಳಿದರೆಂದು ಮಾತ್ರಕ್ಕೆ ಅದು ಮೋಸ ಎಂದು ನಾನು ಹೇಳುವುದಿಲ್ಲ. ಎರಡು ದಿನದ ಕೂಲಿ ಪಡೆದು ಎರಡು ಗಂಟೆಯ ಕೆಲಸ ಮಾಡಿದರೆ ಮಾತ್ರ ಅದು ಮೋಸ.

ಈಗ ಆ ಬಾಟಲಿಯಲ್ಲಿ ಏನಿದೆ ಎಂಬುದನ್ನು ನೋಡೋಣ. ನಿಮ್ಮ ಕಾರಿನ ಬಣ್ಣ ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಪಾರದರ್ಶಕವಾದ 'ಕ್ಲಿಯರ್ ಕೋಟ್' ಎಂಬ ಪದರ. ನಾವು ಹೊಳಪು ಎಂದು ಕರೆಯುವುದು ಆ ಕೊನೆಯ ಪದರದ್ದು. ಅದರ ದಪ್ಪ ಸಾಮಾನ್ಯವಾಗಿ 40 ಮೈಕ್ರಾನ್ ಆಸುಪಾಸು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದರೆ ಒಂದು ಕೂದಲಿಗಿಂತ ತೆಳುವಾದ ಪದರ ನಿಮ್ಮ ಕಾರಿನ ಬಣ್ಣವನ್ನು ಬಿಸಿಲು, ಮಳೆಯಿಂದ ಕಾಯುತ್ತಿದೆ. ಸೆರಾಮಿಕ್ ಕೋಟಿಂಗ್ ಇನ್ನೂ ತೆಳು, ಸುಮಾರು ಒಂದು ಮೈಕ್ರಾನ್. ಅದರಲ್ಲಿರುವುದು ಸಿಲಿಕಾದ ಅಂಶ. ಮರಳು, ಗಾಜು, ಪಿಂಗಾಣಿ ಇವೆಲ್ಲದರಲ್ಲೂ ಇರುವ ವಸ್ತು ಅದು. ದ್ರವ ರೂಪದಲ್ಲಿ ಹಚ್ಚಿದ ಮೇಲೆ ಗಾಳಿಯ ತೇವಾಂಶದೊಡನೆ ಬೆರೆತು ಗಟ್ಟಿಯಾಗಿ, ಗಾಜಿನ ಹಾಗಿರುವ ತೆಳುಪೊರೆಯಾಗುತ್ತದೆ. ಮೇಣದ ಹಾಗೆ ಕೆಲವು ವಾರಗಳಲ್ಲಿ ಕರಗಿ ಹೋಗದೆ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ನೀರು ಅದರ ಮೇಲೆ ಹರಡದೆ ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಉರುಳುತ್ತದೆ. ಕೊಳೆ ಬೇಗ ಬಿಡುತ್ತದೆ.

ಅಂಟಿಕೊಳ್ಳುತ್ತದೆ ಎಂದೆನಲ್ಲ, ಅದರಲ್ಲೇ ಅದರ ಒಳಿತು ಕೆಡುಕು ಎರಡೂ ಇದೆ. ಅಡಿಯಲ್ಲಿ ಏನಿದೆಯೋ ಅದನ್ನು ಅದು ಹಾಗೆಯೇ ಹಿಡಿದಿಡುತ್ತದೆ. ಧೂಳಿದ್ದರೆ ಧೂಳನ್ನು, ಗೀರಿದ್ದರೆ ಗೀರನ್ನು. ನಾನು ಮದ್ರಸದಲ್ಲಿ ಓದುವಾಗ ಮರದ ಹಲಗೆಯ ಮೇಲೆ ಬರೆಯುತ್ತಿದ್ದೆವು. ನಿನ್ನೆಯ ಪಾಠವನ್ನು ತೊಳೆದು, ಜೇಡಿಮಣ್ಣು ಸವರಿ, ಬಿಸಿಲಿಗೆ ಒಣಗಿಸಿದ ಮೇಲೆಯೇ ಇಂದಿನ ಪಾಠ. ಸರಿಯಾಗಿ ತೊಳೆಯದಿದ್ದರೆ ಹೊಸ ಅಕ್ಷರದ ಕೆಳಗೆ ಹಳೆಯ ಅಕ್ಷರ ಇಣುಕುತ್ತಿತ್ತು. ತಮ್ಮ ನನ್ನ ಕಾರಿನ ಬಳಿ ನಿಂತು ಕೆಲಸ ವಿವರಿಸುವಾಗ ನನಗೆ ಆ ಹಲಗೆಯೇ ನೆನಪಾಯಿತು.

ನಾವು ಜನವರಿಯನ್ನು ಆರಿಸಿಕೊಂಡೆವು, 2024ರ ಜನವರಿ. ಕರಾವಳಿಯಲ್ಲಿ ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ. ಏಪ್ರಿಲ್ ಮೇ ತಿಂಗಳ ಸೆಕೆಯಲ್ಲೂ ಕಷ್ಟ. ಶಾರ್ಜಾದಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಇವರು ಎ.ಸಿ. ಹಾಕಿದ ಮುಚ್ಚಿದ ಕೋಣೆಯಲ್ಲಿ ಹಚ್ಚುತ್ತಿದ್ದರಂತೆ. ನಮಗೆ ಅದೆಲ್ಲಿ? ಚಳಿಗಾಲದ ಬೆಳಗ್ಗೆ, ನೆರಳು, ಗಾಳಿ ಆಡುವ ಆದರೆ ಧೂಳು ಏಳದ ಜಾಗ, ಇಷ್ಟಿದ್ದರೆ ಸಾಕು. ಕಾರಿನ ಮೈ ಕೈಗೆ ತಣ್ಣಗೆ ತಾಗಬೇಕು.

ಸುಬ್ಹಿ ಮುಗಿಸಿ ಶೆಡ್ಡಿಗೆ ಇಳಿದೆವು. ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಿದ. ನಮ್ಮ ಕಡೆಯ ಕೆಂಪುಕಲ್ಲಿನ ಧೂಳು, ಹೆದ್ದಾರಿ ಬದಿಯ ಮರಳು ಇವು ಬಟ್ಟೆಗೆ ಸಿಕ್ಕಿದರೆ ಮರಳು ಕಾಗದದ ಕೆಲಸ ಮಾಡುತ್ತವೆ. ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ ನೀರು, ಇನ್ನೊಂದರಲ್ಲಿ ಸಾದಾ ನೀರು. ಕೊಳೆ ಉಜ್ಜಿದ ಬಟ್ಟೆಯನ್ನು ಮೊದಲು ಸಾದಾ ನೀರಿನಲ್ಲಿ ಹಿಂಡಿ, ನಂತರವೇ ಶಾಂಪೂವಿನಲ್ಲಿ ಅದ್ದುವುದು. ಮೇಲಿನಿಂದ ಕೆಳಕ್ಕೆ, ಚಕ್ರಗಳಿಗೆ ಬೇರೆಯೇ ಬಟ್ಟೆ. ಪಾತ್ರೆ ತೊಳೆಯುವ ಸಾಬೂನನ್ನು ನಾನು ತಂದಿಟ್ಟಿದ್ದೆ, ಅವನು ಬೇಡವೆಂದ. ಬಣ್ಣದ ಮೇಲಿನ ಹಳೆಯ ಮೇಣ ಬಿಡಿಸಲು ಒಮ್ಮೆ ಆದೀತು, ದಿನನಿತ್ಯಕ್ಕೆ ಅಲ್ಲವಂತೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಎಷ್ಟು ಮನೆಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹಳೆಯ ಬನಿಯನ್ ಹಿಡಿದು ಕಾರನ್ನು ಒಣ ಒಣವಾಗಿ ಒರೆಸುತ್ತಾರೆ! ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಬಿಸಿಲಿನಲ್ಲಿ ನಿಂತು ಬಾನೆಟ್ ನೋಡಿ, ಜೇಡರ ಬಲೆಯ ಹಾಗೆ ಸುತ್ತ ಸುತ್ತ ಸಣ್ಣ ಗೀರುಗಳು ಕಾಣುತ್ತವೆ. ಅವುಗಳಲ್ಲಿ ಹೆಚ್ಚಿನವು ಕಲ್ಲು ತಾಗಿ ಆದದ್ದಲ್ಲ, ಆ ಬನಿಯನ್ನಿನ ಕೊಡುಗೆ.

ತೊಳೆದು ಮುಗಿದಾಗ ಕಾರು ಸ್ವಚ್ಛವಾಗಿದೆ ಎಂದೇ ನನಗೆ ಕಂಡಿತು. ತಮ್ಮ ನನ್ನ ಕೈಗೆ ತರಕಾರಿ ತರುವ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ ಬಾನೆಟ್ ಸವರಲು ಹೇಳಿದ. ಬರಿಗೈಗೆ ನುಣುಪಾಗಿದ್ದದ್ದು ಚೀಲದೊಳಗಿನ ಬೆರಳಿಗೆ ರವೆ ಚೆಲ್ಲಿದ ಹಾಗೆ ತರಿತರಿ. ಬ್ರೇಕಿನಿಂದ ಉದುರುವ ಕಬ್ಬಿಣದ ಪುಡಿ, ಡಾಂಬರಿನ ಚುಕ್ಕೆ, ಮರದ ಅಂಟು ಬಣ್ಣದಲ್ಲಿ ಕಚ್ಚಿಕೊಂಡಿರುತ್ತವೆ. ಈ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು, ಖರ್ಚಿಲ್ಲ. ಆಮೇಲೆ ಅವನು ಸಿಂಪಡಿಸಿದ ದ್ರಾವಣ ಕಬ್ಬಿಣದ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣಕ್ಕೆ ತಿರುಗಿ ಹನಿ ಹನಿಯಾಗಿ ಇಳಿಯಿತು. ಕೊಳೆತ ಮೊಟ್ಟೆಯ ವಾಸನೆ. ಅಮ್ಮಿ ಕಿಟಕಿ ಮುಚ್ಚಿಕೊಂಡರು. ಅದನ್ನು ಒಣಗಲು ಬಿಡದೆ ತೊಳೆದು, ಉಳಿದದ್ದನ್ನು ಕ್ಲೇ ಬಾರ್‌ನಿಂದ ತೆಗೆದೆವು. ಅದು ಚಪಾತಿ ಹಿಟ್ಟಿನ ಉಂಡೆಯ ಹಾಗಿರುವ ಒಂದು ಮೆತ್ತನೆ ಜೇಡಿ. ಶಾಂಪೂ ನೀರು ಸಿಂಪಡಿಸಿಕೊಂಡು ಹಗುರವಾಗಿ ಜಾರಿಸಬೇಕು, ಒತ್ತಬಾರದು. ಕೊಳೆ ಕಂಡಾಗ ಮಡಚಿ ನಾದಿ ಹೊಸ ಮುಖ ತೆಗೆಯಬೇಕು. ನೆಲಕ್ಕೆ ಬಿದ್ದರೆ ಎಸೆಯಬೇಕು, ಎಷ್ಟು ದುಬಾರಿಯಾಗಿದ್ದರೂ. ಈ ಭಾಗ ಪೂರ್ತಿ ನನ್ನದಾಯಿತು. ತಮ್ಮ ಹೇಳಿದ, "ಆಪಾ, ಗ್ಯಾರೇಜಿನಲ್ಲಿ ಹೊಸ ಹುಡುಗರಿಗೆ ಒತ್ತಬೇಡ ಎಂದು ಕಲಿಸಲು ಒಂದು ವಾರ ಬೇಕಿತ್ತು."

ಮಧ್ಯಾಹ್ನದಿಂದ ಪಾಲಿಶ್. ಪಾಲಿಶ್ ಎಂದರೆ ಏನನ್ನೋ ಹಚ್ಚಿ ಹೊಳೆಯುವಂತೆ ಮಾಡುವುದು ಎಂದೇ ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಸವೆಸುವ ಕೆಲಸ. ಗೀರು ಎಂದರೆ ಕ್ಲಿಯರ್ ಕೋಟಿನಲ್ಲಿ ಒಂದು ಸಣ್ಣ ಕಣಿವೆ. ಆ ಕಣಿವೆಯನ್ನು ತುಂಬಲಾಗುವುದಿಲ್ಲ, ಸುತ್ತಲಿನ ದಿಣ್ಣೆಯನ್ನೇ ಸವೆಸಿ ಸಮ ಮಾಡುವುದು. ಒಂದು ಸಲದ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗುತ್ತದೆ. ಇರುವುದೇ 40. ವರ್ಷ ವರ್ಷವೂ ಹಬ್ಬಕ್ಕೆಂದು ಪಾಲಿಶ್ ಮಾಡಿಸುವವರು ಇದನ್ನು ಯೋಚಿಸಬೇಕು. ಉಗುರಿಗೆ ತಡೆಯುವಷ್ಟು ಆಳದ ಗೀರು ಇದ್ದರೆ ಅದನ್ನು ಬಿಟ್ಟುಬಿಡುವುದೇ ಬುದ್ಧಿವಂತಿಕೆ. ನನ್ನ ಕಾರಿನ ಎಡ ಬಾಗಿಲಿನಲ್ಲಿ ಹಿಂದಿನ ಮಾಲಕರ ಕಾಲದ ಅಂತಹ ಒಂದು ಗೀರು ಈಗಲೂ ಇದೆ. ತಮ್ಮ ಬಳಸಿದ್ದು ಅಲುಗುತ್ತಾ ತಿರುಗುವ ಬಗೆಯ ಯಂತ್ರ. ಬರೀ ತಿರುಗುವ ಹಳೆಯ ಬಗೆಯ ಯಂತ್ರವನ್ನು ಯಾರಿಂದಲಾದರೂ ಎರವಲು ತಂದು ಪ್ರಯೋಗ ಮಾಡಬೇಡಿ, ಅಂಚುಗಳಲ್ಲಿ ಬಣ್ಣ ಸುಟ್ಟು ಹೋಗುತ್ತದೆ. ಯಂತ್ರವಿಲ್ಲದಿದ್ದರೆ ಈ ಹಂತವನ್ನೇ ಬಿಡಬಹುದು. ಗೀರುಗಳು ಹಾಗೇ ಉಳಿಯುತ್ತವೆ, ಅಷ್ಟೇ. ಆದರೆ ತೊಳೆಯುವ, ಜೇಡಿ ಉಜ್ಜುವ ಕೆಲಸ ಬಿಡುವಂತಿಲ್ಲ.

ಮೊದಲ ದಿನ ಅಲ್ಲಿಗೆ ಮುಗಿಯಿತು. ನನ್ನ ಸೊಂಟವೂ ಮುಗಿಯಿತು. ಬೀದಿಯಲ್ಲಿ ಹೋಗುವ ನಾಲ್ಕಾರು ಮಂದಿ ನಿಂತು ನೋಡಿದರು. ಪಕ್ಕದ ಮನೆಯ ಹಿರಿಯರೊಬ್ಬರು "ಏನು ಟೀಚರ್, ತಮ್ಮನನ್ನು ಕೆಲಸಕ್ಕೆ ಇಟ್ಟುಕೊಂಡಿರಾ?" ಎಂದು ನಕ್ಕರು. ತಮ್ಮನೂ ನಕ್ಕ. ಅಮ್ಮಿ ಒಳಗೆ ಹೋದರು.

ಮರುದಿನ ಕೋಟಿಂಗ್. ಹಚ್ಚುವ ಮೊದಲು ಪಾಲಿಶ್‌ನ ಎಣ್ಣೆಯಂಶ ಹೋಗಬೇಕು. ಅದಕ್ಕಾಗಿ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಪ್ರತಿ ಭಾಗವನ್ನೂ ಒರೆಸಿದೆವು. ಮಕ್ಕಳಿರುವ ಮನೆಯವರು ಇಲ್ಲಿ ಎಚ್ಚರ. ಇದು ಬೇಗ ಬೆಂಕಿ ಹಿಡಿಯುವ ವಸ್ತು, ಒಲೆಯ ಹತ್ತಿರ ಬೇಡ. ಕೋಟಿಂಗಿನ ಬಾಟಲಿಯಲ್ಲೂ ಇಂತಹ ದ್ರಾವಕಗಳೇ ಇರುತ್ತವೆ. ಕೈಗೆ ಗವಸು, ಮೂಗಿಗೆ ಮಾಸ್ಕ್, ಎರಡೂ ಕಡೆ ತೆರೆದಿರುವ ಶೆಡ್ಡು ಬೇಕು. ಉಬ್ಬಸ ಇರುವವರು ದೂರ ನಿಲ್ಲಲಿ. ಬಾಟಲಿ ನೋಡಲು ಅತ್ತರಿನದ್ದರ ಹಾಗೆ ಚಂದವಾಗಿರುತ್ತದೆ, ಮಕ್ಕಳ ಕೈಗೆ ಸಿಗುವಲ್ಲಿ ಇಡಬೇಡಿ.

ಹಚ್ಚುವುದು ಹೇಳಲು ಸುಲಭ. ಸಣ್ಣ ಸ್ಪಂಜಿನ ತುಂಡಿಗೆ ನಯವಾದ ಬಟ್ಟೆ ಸುತ್ತಿ, ಏಳೆಂಟು ಹನಿ ಹಾಕಿ, ಎರಡಡಿ ಉದ್ದಗಲದ ಜಾಗಕ್ಕೆ ಮೊದಲು ಅಡ್ಡ, ಆಮೇಲೆ ಉದ್ದ ಎಳೆಯುವುದು. ಹಚ್ಚಿದ ಜಾಗ ನಿಧಾನವಾಗಿ ಬೆವರಿದಂತಾಗಿ, ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದಾಗ ಕಾಣುವ ಹಾಗೆ ಬಣ್ಣ ಬಣ್ಣವಾಗಿ ಹೊಳೆಯತೊಡಗುತ್ತದೆ. ಆಗ ಒಂದು ಬಟ್ಟೆಯಿಂದ ಹಗುರವಾಗಿ ಒರೆಸಿ, ಕೂಡಲೇ ಇನ್ನೊಂದು ಒಣ ಬಟ್ಟೆಯಿಂದ ಸಮ ಮಾಡಬೇಕು. ಎಷ್ಟು ಹೊತ್ತು ಕಾಯಬೇಕು ಎಂದು ಬಾಟಲಿಯ ಮೇಲೆ ಬರೆದಿರುತ್ತದೆ, ಆದರೆ ಸೆಕೆ, ತೇವ ಹೆಚ್ಚಿದ್ದಲ್ಲಿ ಅದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಕಡಲ ಬದಿಯ ನಮ್ಮ ಊರಿನಲ್ಲಿ ಆ ಬೆಳಗ್ಗೆ ಒಂದು ನಿಮಿಷ ತುಂಬುವ ಮೊದಲೇ ಒರೆಸಬೇಕಾಯಿತು. ಬಿಸಿಲು ಏರಿದಂತೆ ಅವನು ಎರಡಡಿಯನ್ನು ಒಂದೂವರೆ ಅಡಿಗೆ ಇಳಿಸಿದ. ಅವನು ಹಚ್ಚುತ್ತಾ ಮುಂದೆ, ನಾನು ಒರೆಸುತ್ತಾ ಹಿಂದೆ. ಬೀಸಣಿಗೆ ಇಲ್ಲ, ಮಾತಿಲ್ಲ. ಫೋನ್ ಒಳಗೆ ಬಡಿದುಕೊಳ್ಳುತ್ತಿದ್ದರೂ ಇಬ್ಬರೂ ಹೋಗಲಿಲ್ಲ.

ಒರೆಸದೆ ಉಳಿದ ಕಡೆ ಅದು ಗಟ್ಟಿಯಾಗಿ ಕಪ್ಪು ಕಪ್ಪು ಮಚ್ಚೆಯಾಗಿ ನಿಲ್ಲುತ್ತದೆ. ಒಂದು ದಿನ ಕಳೆದರೆ ಅದನ್ನು ತೆಗೆಯಲು ಮತ್ತೆ ಪಾಲಿಶ್ ಯಂತ್ರವೇ ಬೇಕು. ಆದ್ದರಿಂದ ಒಂದೊಂದು ಭಾಗ ಮುಗಿದಂತೆ ಟಾರ್ಚ್ ಹಿಡಿದು ಓರೆಯಾಗಿ ನೋಡಬೇಕು. ನಾವಿಬ್ಬರೂ ಬಾನೆಟ್ ನೋಡಿ ಆಯಿತೆಂದು ಬಾಗಿಲಿಗೆ ಬಂದಿದ್ದೆವು. ಹಿಂದಿನಿಂದ ಅಮ್ಮಿಯ ದನಿ. "ಅಲ್ಲಿ, ಗಾಜಿನ ಕೆಳಗೆ, ಏನದು ಎಣ್ಣೆ ಚೆಲ್ಲಿದ ಹಾಗೆ?" ನೋಡಿದರೆ ನಿಜ, ಅಂಗೈಯಷ್ಟು ಜಾಗ. ಐವತ್ತು ವರ್ಷ ಮೊರದಲ್ಲಿ ಅಕ್ಕಿ ಆರಿಸಿದ ಕಣ್ಣು ಅವರದ್ದು. ತಮ್ಮ ಟಾರ್ಚನ್ನು ಅವರ ಕೈಗೆ ಕೊಟ್ಟ. ಬೇಡವೆನ್ನಲಿಲ್ಲ. ಝುಹರ್‌ವರೆಗೂ ಅವರೇ ಟಾರ್ಚ್ ಹಿಡಿದು ನಮ್ಮ ಹಿಂದೆ ಸುತ್ತಿದರು. ಮೂರು ಕಡೆ ಹಿಡಿದುಕೊಟ್ಟರು.

ಒರೆಸಿದ ಬಟ್ಟೆಗಳನ್ನು ತೊಳೆದು ಮತ್ತೆ ಉಪಯೋಗಿಸೋಣ ಎಂದು ನನ್ನ ಕೈ ಹೋಯಿತು, ಉಳಿತಾಯದ ಬುದ್ಧಿ ನಮ್ಮದು. ಅವನು ಬಿಡಲಿಲ್ಲ. ಬಟ್ಟೆಯಲ್ಲಿ ಉಳಿದ ಕೋಟಿಂಗ್ ಗಟ್ಟಿಯಾಗಿ ಗಾಜಿನ ಪುಡಿಯ ಹಾಗಾಗುತ್ತದಂತೆ. ಅವುಗಳನ್ನು ಹೊರಗೆ ಬಿಡಿಸಿ ಒಣಗಿಸಿ ಎಸೆದೆವು. ಕಾರು ಮರುದಿನದವರೆಗೂ ನೀರು, ಇಬ್ಬನಿ ತಾಗದೆ ಶೆಡ್ಡಿನಲ್ಲೇ ಇತ್ತು. ಒಂದು ವಾರ ಶಾಂಪೂ ಹಾಕಲಿಲ್ಲ. ಆ ವಾರ ಕಾಗೆಗಳ ಮೇಲೆ ನಾನು ಇಟ್ಟ ನಿಗಾ ಪರೀಕ್ಷಾ ಕೊಠಡಿಯಲ್ಲೂ ಇಟ್ಟಿರಲಿಲ್ಲ.

ಈಗ ಎರಡು ಮಳೆಗಾಲ ಕಳೆದಿವೆ. ಹೇಗಿದೆ ಎಂದು ನೀವು ಕೇಳಬಹುದು. ಬಾನೆಟ್ ಮೇಲೆ, ಟಾಪಿನ ಮೇಲೆ ನೀರು ಈಗಲೂ ಮುತ್ತಾಗುತ್ತದೆ. ಬಾಗಿಲುಗಳ ಕೆಳಭಾಗದಲ್ಲಿ, ಚಕ್ರದಿಂದ ಕೆಸರು ಸಿಡಿಯುವಲ್ಲಿ ಆ ಗುಣ ಬಹಳ ಮಟ್ಟಿಗೆ ಹೋಗಿದೆ. ತೊಳೆಯಲು ಹಿಂದೆ ಒಂದು ಗಂಟೆ ಬೇಕಿತ್ತು, ಈಗ ಅರ್ಧ ಗಂಟೆ ಸಾಕು, ನೀರೂ ಕಡಿಮೆ. ಆದರೆ ತೊಳೆಯುವುದು ತಪ್ಪಿಲ್ಲ. ಹಕ್ಕಿಯ ಹಿಕ್ಕೆ ಬಿದ್ದರೆ ಅಂದೇ ನೆನೆಸಿ ತೆಗೆಯಬೇಕು, ಬಿಸಿಲಿಗೆ ಬಿಟ್ಟರೆ ಕೋಟಿಂಗನ್ನೂ ತಿನ್ನುತ್ತದೆ. ಬಾವಿಯ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಆ ಮುತ್ತುಗಳೇ ಬಿಳಿ ಉಂಗುರಗಳಾಗಿ ಕೂರುತ್ತವೆ. ಬೇಸಿಗೆಯಲ್ಲಿ ಕಡಲ ಬದಿಯ ಬಾವಿ ನೀರು ಉಪ್ಪಾಗುವ ಮನೆಯವರಿಗೆ ಇದು ದೊಡ್ಡ ತಲೆನೋವು. ತೊಳೆದ ಕೂಡಲೇ ಒರೆಸಿಬಿಡಿ.

'9ಎಚ್ ಗಟ್ಟಿತನ' ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ಪೆನ್ಸಿಲ್ ಪರೀಕ್ಷೆಯ ಲೆಕ್ಕ. ಮಕ್ಕಳ ಚಿತ್ರಕಲೆಯ ಪೆನ್ಸಿಲ್ ಮೇಲೆ ಎಚ್‌ಬಿ, 2ಬಿ ಎಂದೆಲ್ಲ ಇರುತ್ತದಲ್ಲ, ಅದೇ ಸಾಲಿನಲ್ಲಿ ಅತಿ ಗಟ್ಟಿಯಾದ ಪೆನ್ಸಿಲ್ 9ಎಚ್. ಆ ಪೆನ್ಸಿಲ್‌ನಿಂದ ಗೀಚಿದರೆ ಗೀರು ಬೀಳದು ಎಂದಷ್ಟೇ ಅದರ ಅರ್ಥ. ಕೀಲಿ, ಕಲ್ಲು, ಗೇಟಿನ ಕೊಂಡಿ ಇವು ಪೆನ್ಸಿಲ್ ಅಲ್ಲ. ಒಂದು ಮೈಕ್ರಾನ್ ಪೊರೆ ಕಲ್ಲಿನ ಏಟನ್ನು ತಡೆಯುತ್ತದೆ ಎಂದು ನಂಬುವುದಾದರೂ ಹೇಗೆ? ಕಲ್ಲು ಸಿಡಿಯುವುದನ್ನು ತಡೆಯಲು ಪಿ.ಪಿ.ಎಫ್. ಎಂಬ ಪ್ಲಾಸ್ಟಿಕ್ ಹಾಳೆ ಬೇರೆಯೇ ಇದೆ. ಅದರ ದಪ್ಪ 150, 200 ಮೈಕ್ರಾನ್ ಇರುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ. ಕೆಲವರು ಬಾನೆಟ್ ಮೇಲೆ ಲೈಟರ್ ಹಚ್ಚಿ ತೋರಿಸುತ್ತಾರೆ. ಆ ಎರಡು ಕ್ಷಣದ ಜ್ವಾಲೆಗೆ ಕೋಟಿಂಗ್ ಇಲ್ಲದ ಬಣ್ಣವೂ ಸಾಮಾನ್ಯವಾಗಿ ಉಳಿಯುತ್ತದೆ. ನೀವು ಪರೀಕ್ಷಿಸಲು ಹೋಗಬೇಡಿ. ಸಿಂಪಡಿಸಿ ಒರೆಸುವ ಬಾಟಲಿಗಳ ಮೇಲೂ ಈಗ ಸೆರಾಮಿಕ್ ಎಂದು ಬರೆದಿರುತ್ತದೆ. ಅದು ಕೆಲವು ತಿಂಗಳ ಮಾತು, ಒಳ್ಳೆಯದೇ, ಆದರೆ ಇದು ಅದಲ್ಲ.

ಇನ್ನೊಂದು ವಿಷಯ ಕರಾವಳಿಯ ಸಹೋದರಿಯರಿಗೆ. ನಮ್ಮ ಕಾರುಗಳನ್ನು ತಿನ್ನುವುದು ಉಪ್ಪುಗಾಳಿ, ಅದು ಹೆಚ್ಚಾಗಿ ಕೆಳಗಿನಿಂದ, ಬಾಗಿಲಿನ ಒಳ ಅಂಚಿನಿಂದ ತಿನ್ನುತ್ತದೆ. ಸೆರಾಮಿಕ್ ಹಚ್ಚುವುದು ಮೇಲಿನ ಬಣ್ಣಕ್ಕೆ. ಕೈಯಲ್ಲಿ ಹಣ ಒಂದಕ್ಕೆ ಮಾತ್ರ ಇದ್ದರೆ ಮೊದಲು ಕಾರಿನ ಅಡಿಭಾಗಕ್ಕೆ ತುಕ್ಕುನಿರೋಧಕ ಹಚ್ಚಿಸಿ. ಸದಾ ಶೆಡ್ಡಿನಲ್ಲೇ ನಿಂತು ವಾರಕ್ಕೊಮ್ಮೆ ಹೊರಡುವ ಕಾರಿಗಂತೂ ಒಳ್ಳೆಯ ಮೇಣವೇ ಸಾಕು ಎಂಬುದು ನನ್ನ ಅಭಿಪ್ರಾಯ. ತಮ್ಮನಿಗೂ ಇದೇ ಅಭಿಪ್ರಾಯ, ಅವನ ಹೊಟ್ಟೆಪಾಡಿಗೆ ಇದು ಹಿತವಲ್ಲದಿದ್ದರೂ.

ನೀವು ಹಣ ಕೊಟ್ಟು ಮಾಡಿಸುವುದಾದರೆ ಕೋಟಿಂಗಿನ ಹೆಸರು, ಎಷ್ಟು ಪದರ, ಎಷ್ಟು ವರ್ಷದ ಗ್ಯಾರಂಟಿ ಎಂದು ಕೇಳುತ್ತಾ ಕೂರಬೇಡಿ. ಹಚ್ಚುವ ಮೊದಲು ಏನೇನು ಮಾಡುತ್ತೀರಿ, ಅದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ ಎಂದು ಕೇಳಿ. ತೊಳೆದು ಜೇಡಿ ಉಜ್ಜಿದ ಮೇಲೆ, ಹಚ್ಚುವ ಮೊದಲು ಒಮ್ಮೆ ಬಂದು ನೋಡುತ್ತೇನೆ ಎನ್ನಿ. ಪ್ಲಾಸ್ಟಿಕ್ ಚೀಲವನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಹೋಗಿ. ಅವರು ಕೊಡುವ ಗ್ಯಾರಂಟಿ ಕಾಗದದಲ್ಲಿ ಇಷ್ಟಿಷ್ಟು ತಿಂಗಳಿಗೊಮ್ಮೆ ನಮ್ಮಲ್ಲೇ ಹಣ ಕೊಟ್ಟು ಸರ್ವಿಸ್ ಮಾಡಿಸಬೇಕು ಎಂಬ ಷರತ್ತು ಇದೆಯೇ ಎಂದು ಓದಿ. ಸಣ್ಣ ಅಕ್ಷರದಲ್ಲಿರುತ್ತದೆ.

ತಮ್ಮ ಈಗ ಈ ಕೆಲಸವನ್ನೇ ಮಾಡುತ್ತಿದ್ದಾನೆ. ಒಂದು ಕಾರಿಗೆ ಎರಡು ದಿನ, ಕಡಿಮೆ ಇಲ್ಲ. ಅಕ್ಟೋಬರಿನಿಂದ ಮೇವರೆಗೆ ತಿಂಗಳಿಗೆ ಐದಾರು ಕಾರು ಸಿಗುತ್ತವೆ. ಮಳೆಗಾಲದಲ್ಲಿ ಯಾರಾದರೂ ಒತ್ತಾಯಿಸಿದರೂ ಒಪ್ಪುವುದಿಲ್ಲ, ಆ ನಾಲ್ಕು ತಿಂಗಳು ಗೆಳೆಯನ ಟಯರ್ ಅಂಗಡಿಯಲ್ಲಿ ಕೂರುತ್ತಾನೆ. ಗಿರಾಕಿಗಳಿಗೆ ಮೊದಲೇ ಎಲ್ಲ ಹೇಳುತ್ತಾನೆ. ಗೀರು ಬೀಳುತ್ತದೆ, ತೊಳೆಯಬೇಕು, ಎರಡು ವರ್ಷದ ಮೇಲೆ ಮತ್ತೆ ಹಚ್ಚಬೇಕಾಗಬಹುದು. ಇದನ್ನು ಕೇಳಿ ಎದ್ದು ಹೋದವರೂ ಇದ್ದಾರೆ. ಕೆಲವರು ಪೇಟೆಯಲ್ಲಿ ಹತ್ತು ವರ್ಷದ ಗ್ಯಾರಂಟಿಗೆ ಮಾಡಿಸಿಕೊಂಡಿದ್ದಾರೆ. ಆಗ ನಕ್ಕಿದ್ದ ಪಕ್ಕದ ಮನೆಯ ಹಿರಿಯರು ಕಳೆದ ಡಿಸೆಂಬರಿನಲ್ಲಿ ಅಳಿಯನ ಕಾರು ತಂದು ನಿಲ್ಲಿಸಿದರು.

ಅವನ ಮದುವೆ ಇನ್ನೂ ಆಗಿಲ್ಲ. ಎರಡು ಕಡೆಯ ಮಾತು ಕೆಲಸದ ಹೆಸರು ಕೇಳಿಯೇ ನಿಂತುಹೋಯಿತು. ಮೊನ್ನೆ ಮೂರನೆಯ ಮನೆಯವರು ಬಂದಿದ್ದರು. ಹುಡುಗಿಯ ಚಿಕ್ಕಮ್ಮ ಚಹಾದ ಲೋಟ ಕೆಳಗಿಡುತ್ತಾ, "ಹುಡುಗನಿಗೆ ಏನು ಉದ್ಯೋಗ?" ಎಂದು ಕೇಳಿದರು. ಏನಾದರೂ ಒಳ್ಳೆಯ ಇಂಗ್ಲಿಷ್ ಹೆಸರು ಹೇಳೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮಿ, "ಕಾರು ತೊಳೆಯುತ್ತಾನೆ, ಪಾಲಿಶ್ ಮಾಡುತ್ತಾನೆ. ಬನ್ನಿ, ತೋರಿಸುತ್ತೇನೆ" ಎಂದು ಅವರನ್ನು ಶೆಡ್ಡಿಗೇ ಕರೆದುಕೊಂಡು ಹೋದರು. ವಿಚಾರಿಸಿ ತಿಳಿಸುತ್ತೇವೆ ಎಂದು ಹೇಳಿ ಹೋಗಿದ್ದಾರೆ.